ಎಳೆಯ ಮೈ ಅರಿಯದ ಜ್ವರ

ನೆಗಡಿ ರೋಗವಲ್ಲ, ಬುಗುಡಿ ಒಡವೆಯಲ್ಲ ಎಂಬ ಗಾದೆ ಕನ್ನಡನಾಡಿನ ಹಿರಿಯರ ಬಾಯಲ್ಲಿ ಬಹುಕಾಲದಿಂದ ನಿಂತಿದೆ. ಗಾದೆಯನ್ನು ಕಟ್ಟಿದವರು ಅನುಭವಸ್ಥರೇ ಸರಿ. ನಾಲ್ಕು ಸಲ ಸೀನಿ, ಎರಡು ದಿನ ಮೂಗು ಸೋರಿ, ಮೆಣಸಿನ ಕಷಾಯದ ಒಂದು ಲೋಟಕ್ಕೆ ಹೆದರಿ ಓಡಿಹೋಗುವ ಉಪದ್ರವಕ್ಕೆ ರೋಗವೆಂಬ ದೊಡ್ಡ ಹೆಸರೇಕೆ? ಆದರೆ ಈ ಗಾದೆಯ ಮರೆಯಲ್ಲಿಯೇ ಇನ್ನೊಂದು ವ್ಯಾಧಿ ನೆಗಡಿಯ ವೇಷ ತೊಟ್ಟು ಮನೆಯೊಳಕ್ಕೆ ನುಸುಳಿಬಿಡುತ್ತದೆ. ಅದು ಇನ್‌ಫ್ಲುಯೆಂಜಾ, ಜನರ ಆಡುಮಾತಿನ ಫ್ಲೂ ಜ್ವರ. ದೊಡ್ಡವರು ಅದನ್ನು ನೆಗಡಿಯ ಅಣ್ಣನೆಂದು ಭಾವಿಸಿ ಅಸಡ್ಡೆ ಮಾಡಿದರೂ ಸಾಮಾನ್ಯವಾಗಿ ಪಾರಾಗುತ್ತಾರೆ. ಹಾಲುಗಲ್ಲದ ಕೂಸಿನ ವಿಷಯ ಹಾಗಲ್ಲ.

ನೆಗಡಿ ಮೆಲ್ಲಮೆಲ್ಲನೆ ಸುಳಿವು ಕೊಟ್ಟು ಬರುತ್ತದೆ. ಫ್ಲೂ ಒಮ್ಮೆಗೇ ಎರಗುತ್ತದೆ. ಬೆಳಿಗ್ಗೆ ಅಂಗಳದಲ್ಲಿ ಆಡಿಕೊಂಡಿದ್ದ ಮಗು ದೀಪ ಹಚ್ಚುವ ಹೊತ್ತಿಗೆ ಮೈ ಕೆಂಡವಾಗಿ, ಕಣ್ಣು ಮಂಕಾಗಿ, ತಾಯಿಯ ಹೆಗಲಿನಿಂದ ಇಳಿಯಲೊಲ್ಲದೆ ಒರಗಿಬಿಡುತ್ತದೆ. ಜ್ವರಮಾಪಕದಲ್ಲಿ ಪಾದರಸವೋ ಅಂಕಿಯೋ 103, 104 ಡಿಗ್ರಿಯನ್ನು ಮುಟ್ಟುತ್ತದೆ. ಮೈಕೈ ನೋಯುತ್ತದೆ, ತಲೆ ಸಿಡಿಯುತ್ತದೆ ಎಂದು ದೊಡ್ಡವರು ಬಾಯಿಬಿಟ್ಟು ಹೇಳಿಕೊಳ್ಳಬಲ್ಲರು. ಎರಡು ವರ್ಷದ ಕೂಸು ಅಳಬಲ್ಲುದು, ಅಷ್ಟೆ. ಕೆಲವು ಮಕ್ಕಳಿಗೆ ವಾಂತಿ ಭೇದಿಗಳೂ ಕೂಡಿಕೊಳ್ಳುವುದರಿಂದ ಮನೆಯವರು ಅಜೀರ್ಣವೆಂದು ಬಗೆದು ಓಮದ ನೀರು ಕುಡಿಸುತ್ತಾರೆ. ಜ್ವರದ ಭರಕ್ಕೆ ಕೆಲವರಲ್ಲಿ ಸೆಳವು ಬರುವುದುಂಟು. ಕಿವಿ ಬಾತು ಸೋರುವುದುಂಟು. ಎಲ್ಲಕ್ಕಿಂತ ಅಂಜಬೇಕಾದದ್ದು, ಇಳಿದ ಜ್ವರ ನಾಲ್ಕೈದು ದಿನಗಳಲ್ಲಿ ಮತ್ತೆ ಏರಿ, ಉಸಿರು ಮೇಲುಮೇಲಕ್ಕೆ ಬರತೊಡಗುವುದು. ಇದು ನ್ಯುಮೋನಿಯಾದ ಮುನ್ಸೂಚನೆ.

ಇಂಥದು ಎಲ್ಲೋ ಲಕ್ಷಕ್ಕೊಂದು ನಡೆಯುವ ಸಂಗತಿಯಾಗಿದ್ದರೆ ಇಷ್ಟು ಮಾತು ಬೇಕಾಗಿರಲಿಲ್ಲ. 2018ನೆಯ ಇಸವಿಯೊಂದರಲ್ಲಿಯೇ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 11 ಕೋಟಿ ಸಲ ಫ್ಲೂ ಕಾಣಿಸಿಕೊಂಡಿತೆಂದು ತಜ್ಞರ ಅಂದಾಜು. ಅದರಲ್ಲಿ ಒಂದು ಕೋಟಿ ಸಲ ರೋಗ ಶ್ವಾಸಕೋಶಕ್ಕೆ ಇಳಿಯಿತು. 8,70,000 ಬಾರಿ ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. 34,800ರವರೆಗೆ ಮಕ್ಕಳು ಕಣ್ಮುಚ್ಚಿರಬಹುದು. ಆಸ್ಪತ್ರೆಗಳಲ್ಲಿ ಸಂಭವಿಸಿದ ಸಾವುಗಳಲ್ಲಿ ಹತ್ತರಲ್ಲಿ ಎಂಟು ಬಡ ದೇಶಗಳಲ್ಲಿಯೂ ನಮ್ಮಂಥ ಮಧ್ಯಮ ಸ್ಥಿತಿಯ ದೇಶಗಳಲ್ಲಿಯೂ ಆದುವು.

ಸಾಲದ ಸಿರಿ

ಒಂದೇ ಮನೆಯಲ್ಲಿ, ಒಂದೇ ಗಾಳಿಯಲ್ಲಿ ಇರುವ ತಂದೆಗೆ ಮೂರು ದಿನದ ಜ್ವರ, ಮಗುವಿಗೆ ಆಸ್ಪತ್ರೆ. ಈ ಭೇದಕ್ಕೆ ಕಾರಣವೇನು? ಮಗುವಿನ ಉಸಿರುನಾಳಗಳು ಬಲು ಕಿರಿದಾದುವು. ಸ್ವಲ್ಪ ಬಾತರೂ, ಸ್ವಲ್ಪ ಕಫ ಕಟ್ಟಿದರೂ ಗಾಳಿಗೆ ದಾರಿ ಇಲ್ಲವಾಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತಲೂ ಮುಖ್ಯವಾದ ಕಾರಣ ನೆನಪಿಗೆ ಸಂಬಂಧಿಸಿದ್ದು.

ಮಾನವದೇಹಕ್ಕೆ ವೈರಿಗಳನ್ನು ನೆನಪಿಟ್ಟುಕೊಳ್ಳುವ ಅದ್ಭುತ ಶಕ್ತಿಯಿದೆ. ಫ್ಲೂ ವಿಷಾಣುವಿನ ಮೈಮೇಲೆ ಮುಳ್ಳುಗಳಂಥ ಎರಡು ಬಗೆಯ ಪ್ರೋಟೀನುಗಳು ಇರುತ್ತವೆ. ವಿಜ್ಞಾನಿಗಳು ಅವನ್ನು ಎಚ್ ಮತ್ತು ಎನ್ ಎಂದು ಕರೆಯುತ್ತಾರೆ. ಎಚ್ ಎಂಬುದು ಗಂಟಲಿನ ಜೀವಕೋಶದ ಬಾಗಿಲು ತೆರೆಯುವ ಕೀಲಿಕೈ. ಎನ್ ಎಂಬುದು ಒಳಗೆ ಹುಟ್ಟಿದ ಹೊಸ ವಿಷಾಣುಗಳು ಹೊರಬೀಳಲು ಬೇಕಾದ ಕತ್ತರಿ. ಒಮ್ಮೆ ಫ್ಲೂ ಬಂದು ಹೋದ ಮೇಲೆ ರಕ್ತದಲ್ಲಿ ಈ ಕೀಲಿಕೈಗೆ ಅಂಟಿಕೊಂಡು ಅದನ್ನು ನಿಷ್ಪ್ರಯೋಜಕವಾಗಿ ಮಾಡುವ ಪ್ರತಿಕಾಯಗಳು ಉಳಿಯುತ್ತವೆ. ಅವನ್ನು ತಯಾರಿಸುವ ವಿದ್ಯೆ ಬಲ್ಲ ಕಣಗಳು ಮಜ್ಜೆಯಲ್ಲಿಯೂ ಗ್ರಂಥಿಗಳಲ್ಲಿಯೂ ಎಚ್ಚರವಾಗಿರುತ್ತವೆ. ಅದೇ ವೈರಿ ಮರಳಿ ಬಂದರೆ ಅದಕ್ಕೆ ಹೊಸ್ತಿಲಲ್ಲಿಯೇ ಮರ್ಯಾದೆ! ಸ್ವಲ್ಪ ಬದಲಾಗಿ ಬಂದರೂ ಮೊದಲಿನ ಗುರುತು ತಕ್ಕಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ನಲವತ್ತು ವರ್ಷದ ತಂದೆಯ ದೇಹ ಇಂಥ ಎಷ್ಟೋ ಮಳೆಗಾಲಗಳ ಕದನಗಳನ್ನು ಕಂಡಿದೆ. ಅವನ ಮಗುವಿನ ದೇಹ ಒಂದನ್ನೂ ಕಂಡಿಲ್ಲ.

ಹುಟ್ಟುವಾಗ ಮಗು ಬರಿಗೈಯಲ್ಲಿ ಬರುವುದಿಲ್ಲವೆಂಬುದು ನಿಜ. ಗರ್ಭದಲ್ಲಿರುವಾಗ, ಅದರಲ್ಲಿಯೂ ಕಡೆಯ ಮೂರು ತಿಂಗಳಲ್ಲಿ, ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು ಮಾಸುಚೀಲದ ಮೂಲಕ ಕೂಸಿಗೆ ಇಳಿದು ಬರುತ್ತವೆ. ಆದರೆ ಇದು ಸಾಲವಾಗಿ ಬಂದ ಸಿರಿ. ತಾಯಿಯಲ್ಲಿ ಇದ್ದರೆ ಮಗುವಿಗೆ, ಇಲ್ಲದಿದ್ದರೆ ಇಲ್ಲ. ಬಂದದ್ದೂ ದಿನದಿನಕ್ಕೆ ಕರಗುತ್ತ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಎದೆಹಾಲು ಬೇರೆ ವಿಧದಲ್ಲಿ ಕಾಪಾಡುತ್ತದೆಯಾದರೂ ಈ ಕೊರತೆಯನ್ನು ಪೂರ್ತಿಯಾಗಿ ತುಂಬಿಕೊಡಲಾರದು. ಹೀಗೆ ಸಾಲ ತೀರಿದ ದಿನದಿಂದ ತನ್ನದೇ ಆದ ಗಳಿಕೆ ಆರಂಭವಾಗುವವರೆಗಿನ ಅವಧಿ ಮಗುವಿನ ಬಾಳಿನಲ್ಲಿ ಅತ್ಯಂತ ನಿರ್ಗತಿಕವಾದ ಕಾಲ. ಇದೇ ಕಾಲದಲ್ಲಿ ಅದು ಅಂಬೆಗಾಲಿಡುತ್ತದೆ, ನೆಂಟರ ತೊಡೆಯಿಂದ ತೊಡೆಗೆ ಹೋಗುತ್ತದೆ, ಶಿಶುವಿಹಾರ ಸೇರುತ್ತದೆ.

ಮೊದಲ ಭೇಟಿಯ ನೆನಪು ಎಷ್ಟು ಆಳವಾದುದೆಂದರೆ ಅದು ಬಾಳಿನುದ್ದಕ್ಕೂ ಅಳಿಯುವುದಿಲ್ಲ. ಅಮೆರಿಕದ ವಿಜ್ಞಾನಿ ಥಾಮಸ್ ಫ್ರಾನ್ಸಿಸ್ 1960ರಲ್ಲಿ ಇದನ್ನು ಕುರಿತು ಬರೆಯುತ್ತ, ಕ್ರೈಸ್ತ ಧರ್ಮದ ಆದಿಪಾಪದ ಮಾತನ್ನು ಎರವಲು ಪಡೆದು ತಮಾಷೆಯಾಗಿ ಅದೇ ಹೆಸರನ್ನು ಇಟ್ಟನು. ಬಾಲ್ಯದಲ್ಲಿ ಮೊದಲು ಕಂಡ ವಿಷಾಣುವಿನ ಗುರುತನ್ನೇ ದೇಹ ಕೊನೆಯವರೆಗೂ ಎಲ್ಲಕ್ಕಿಂತ ಚೆನ್ನಾಗಿ ನೆನೆಯುತ್ತದೆ. 1977ರಲ್ಲಿ ಇದಕ್ಕೆ ಸೊಗಸಾದ ನಿದರ್ಶನ ದೊರಕಿತು. ಇಪ್ಪತ್ತು ವರ್ಷ ಕಣ್ಮರೆಯಾಗಿದ್ದ ಎಚ್1ಎನ್1 ಎಂಬ ಜಾತಿಯ ಫ್ಲೂ ಆಗ ಮತ್ತೆ ತಲೆಯೆತ್ತಿತು. ಅದಕ್ಕೆ ಸಿಕ್ಕಿಬಿದ್ದವರೆಲ್ಲ ಬಹುಮಟ್ಟಿಗೆ ಇಪ್ಪತ್ತೈದರ ಒಳಗಿನ ಮಕ್ಕಳು, ತರುಣರು. ಅವರ ತಂದೆತಾಯಿಗಳು 1957ಕ್ಕೆ ಮೊದಲು ಬಾಲ್ಯದಲ್ಲಿ ಅದನ್ನು ಕಂಡಿದ್ದರು. ಅವರನ್ನು ಅದು ಮುಟ್ಟದೆ ಹೋಯಿತು.

ಜಗತ್ತೇ ಕೂಸಾದ ವರ್ಷ

ನೆನಪಿಲ್ಲದ ದೇಹದ ಪಾಡೇನೆಂಬುದನ್ನು ತಿಳಿಯಲು 1957ನೆಯ ಇಸವಿಯನ್ನು ನೋಡಬೇಕು. ಆ ವರ್ಷ ಇಡೀ ಮಾನವಕುಲವೇ ಹಸುಗೂಸಿನ ಸ್ಥಿತಿಯಲ್ಲಿತ್ತು.

ಏಪ್ರಿಲ್ ತಿಂಗಳಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೈನಿಕ ಸಂಶೋಧನಾ ಸಂಸ್ಥೆಯಲ್ಲಿದ್ದ ಮಾರಿಸ್ ಹಿಲ್‌ಮನ್ ಎಂಬ ವಿಜ್ಞಾನಿ ಪತ್ರಿಕೆಯಲ್ಲಿ ಹಾಂಗ್‌ಕಾಂಗ್‌ನ ಸುದ್ದಿಯೊಂದನ್ನು ಓದಿದನು. ಅಲ್ಲಿನ ಚಿಕಿತ್ಸಾಲಯಗಳ ಮುಂದೆ ಸಹಸ್ರಾರು ಜನ ಸಾಲುಗಟ್ಟಿ ನಿಂತಿದ್ದರು; ತಾಯಂದಿರ ಬೆನ್ನಿಗೆ ಕಟ್ಟಿದ್ದ ಮಕ್ಕಳ ಕಣ್ಣುಗಳು ಗಾಜಿನಂತೆ ಕಾಣುತ್ತಿದ್ದುವು. ಓದಿದವರು ಸಾವಿರಾರು ಜನ. ಅರ್ಥ ಹೊಳೆದದ್ದು ಅವನೊಬ್ಬನಿಗೆ. ರೋಗಿಯ ಗಂಟಲಿನ ದ್ರವವನ್ನು ತರಿಸಿ ವಿಷಾಣುವನ್ನು ಬೇರ್ಪಡಿಸಿ, ನಾನಾ ವಯಸ್ಸಿನ ಜನರ ರಕ್ತದೊಡನೆ ಪರೀಕ್ಷಿಸಿ ನೋಡಿದಾಗ ಯಾರ ರಕ್ತದಲ್ಲಿಯೂ ಅದರ ಗುರುತು ಇರಲಿಲ್ಲ. ಎಪ್ಪತ್ತು ಎಂಬತ್ತು ವರ್ಷದ ಕೆಲವು ಮುದುಕರ ರಕ್ತ ಮಾತ್ರ ಅದನ್ನು ಗುರುತಿಸಿತು! 1889-90ರ ಮಹಾಪಿಡುಗಿನ ಕಾಲದಲ್ಲಿ ಅವರು ಮಕ್ಕಳಾಗಿದ್ದವರು. ಸುಮಾರು ಎಪ್ಪತ್ತು ವರ್ಷ ಕಳೆದರೂ ದೇಹ ಬಾಲ್ಯವನ್ನು ಮರೆತಿರಲಿಲ್ಲ.

ಲಸಿಕೆಯನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಬೇಕಾದ್ದರಿಂದ, ಆ ವರ್ಷ ಹುಂಜಗಳನ್ನು ಕೊಯ್ಯದೆ ಉಳಿಸಿಕೊಳ್ಳುವಂತೆ ರೈತರಿಗೆ ಹೇಳಬೇಕೆಂದು ಹಿಲ್‌ಮನ್ ಔಷಧ ತಯಾರಕರಿಗೆ ಸೂಚಿಸಿದನೆಂಬುದು ಪ್ರಸಿದ್ಧವಾದ ಸಂಗತಿ. ವರ್ಷ ಮುಗಿಯುವುದರೊಳಗೆ ಅಮೆರಿಕದಲ್ಲಿ ಸುಮಾರು 4 ಕೋಟಿ ಪ್ರಮಾಣ ಲಸಿಕೆ ಸಿದ್ಧವಾಯಿತು.

ಭಾರತಕ್ಕೆ ಅಷ್ಟು ವೇಳೆಯೇ ಇರಲಿಲ್ಲ. ಮೇ ತಿಂಗಳ ನಡುವೆ ಪೂರ್ವದೇಶಗಳಿಂದ ಬಂದ ‘ರಜುಲಾ’ ಎಂಬ ಹಡಗು ಮದರಾಸು ಬಂದರನ್ನು ಮುಟ್ಟಿದಾಗಲೇ ಅದರ ಪ್ರಯಾಣಿಕರಲ್ಲಿ ಹಲವರು ಜ್ವರದಿಂದ ಮಲಗಿದ್ದರು. ಹಡಗಿನಿಂದ ಇಳಿದ ಜ್ವರ ರೈಲು ಹತ್ತಿತು. ಮುಂದಿನ ಫೆಬ್ರವರಿಯವರೆಗೆ ದೇಶದಲ್ಲಿ ವರದಿಯಾದವರೇ 44 ಲಕ್ಷಕ್ಕೂ ಹೆಚ್ಚು ರೋಗಿಗಳು. ವರದಿಯಾದ ಮರಣಗಳು ಒಂದು ಸಾವಿರಕ್ಕೆ ಮೀರಿದುವು. ಹಳ್ಳಿಗಳಲ್ಲಿ ಲೆಕ್ಕಕ್ಕೆ ಬಾರದೆ ಹೋದವು ಎಷ್ಟೋ. ಅದರ ಅಧ್ಯಯನ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ನಡೆಯಿತು. ಜಗತ್ತಿನಾದ್ಯಂತ ಸುಮಾರು 11 ಲಕ್ಷ ಜನ ಆ ಪಿಡುಗಿಗೆ ಬಲಿಯಾದರು. ದೇಶ ಯಾವುದಾದರೂ ಒಂದು ಸಂಗತಿ ಎಲ್ಲೆಡೆ ಸಮಾನವಾಗಿತ್ತು: ಶಾಲೆಗೆ ಹೋಗುವ ಮಕ್ಕಳಿಗೇ ರೋಗ ಎಲ್ಲರಿಗಿಂತ ಹೆಚ್ಚಾಗಿ ತಗುಲಿತು, ಅವರ ಕೈಹಿಡಿದು ಮನೆ ಸೇರಿತು.

1918ರ ಮಹಾಮಾರಿಗೆ ಹೋಲಿಸಿದರೆ 1957ರದು ಸೌಮ್ಯವೆಂದೇ ಹೇಳಬೇಕು. 1918ರ ಜೂನ್ ತಿಂಗಳಲ್ಲಿ ಮುಂಬಯಿಯ ಬಂದರಿನ ಕಾವಲು ಪೊಲೀಸರಲ್ಲಿ ಮೊದಲು ಕಾಣಿಸಿಕೊಂಡ ಆ ಜ್ವರ ಕೆಲವೇ ತಿಂಗಳಲ್ಲಿ ಭಾರತವೊಂದರಲ್ಲಿಯೇ ಒಂದು ಕೋಟಿಗೂ ಹೆಚ್ಚು ಜನರನ್ನು ನುಂಗಿತು. ಆಗ ರೋಗದ ಕಾರಣವೇ ಯಾರಿಗೂ ತಿಳಿದಿರಲಿಲ್ಲ. ಅದು ವಿಷಾಣುವೆಂದು ಸಿದ್ಧವಾದದ್ದು 1933ರಲ್ಲಿ, ಲಂಡನ್ನಿನ ಮೂವರು ವಿಜ್ಞಾನಿಗಳಾದ ವಿಲ್ಸನ್ ಸ್ಮಿತ್, ಆಂಡ್ರ್ಯೂಸ್, ಲೈಡ್ಲಾ ಎಂಬವರಿಂದ. ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಮೂಗಿಗೆ ರೋಗಿಯ ಗಂಟಲಿನ ನೀರನ್ನು ಬಿಟ್ಟಾಗ ಅದಕ್ಕೂ ಫ್ಲೂ ಬಂದಿತು. ಕಡೆಗೊಂದು ದಿನ ಆ ಫೆರೆಟ್ ಸ್ಮಿತ್‌ನ ಮುಖಕ್ಕೇ ಸೀನಿ ಅವನನ್ನೂ ಹಾಸಿಗೆ ಹಿಡಿಸಿತಂತೆ. ಪ್ರಮಾಣಕ್ಕೆ ಇನ್ನೇನು ಬೇಕು?

ಬಂದು ಹೋಗಲಿ ಎನ್ನುವವರಿಗೆ

ಇಷ್ಟನ್ನು ಕೇಳಿದ ಮೇಲೆಯೂ ಕೆಲವು ಹಿರಿಯರು ಒಂದು ಪ್ರಶ್ನೆಯನ್ನು ಹಾಕುವುದುಂಟು. ಜ್ವರ ಒಮ್ಮೆ ಬಂದು ಹೋದರೆ ದೇಹಕ್ಕೆ ನೆನಪು ಉಳಿಯುತ್ತದೆ ಎಂದಾದ ಮೇಲೆ ಅದು ಬಂದೇ ಹೋಗಲಿ, ಮಗುವಿನ ಮೈ ಗಟ್ಟಿಯಾಗಲಿ, ಸೂಜಿ ಏಕೆ? ಪ್ರಶ್ನೆ ಅರ್ಥವಿಲ್ಲದ್ದಲ್ಲ. ಆರೇಳು ವರ್ಷ ತುಂಬುವುದರೊಳಗೆ ಬಹುಪಾಲು ಮಕ್ಕಳು ಒಮ್ಮೆಯಾದರೂ ಫ್ಲೂವನ್ನು ಕಂಡಿರುತ್ತಾರೆ. ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನಿಜವಾದ ರೋಗ ಕಲಿಸುವ ಪಾಠ ಕೆಲವು ವಿಧದಲ್ಲಿ ಲಸಿಕೆಯ ಪಾಠಕ್ಕಿಂತ ವಿಸ್ತಾರವಾಗಿಯೂ ಇರುತ್ತದೆ.

ಆದರೆ ಈ ಗುರು ಪಾಠಕ್ಕೆ ಮೊದಲೇ ದಕ್ಷಿಣೆಯನ್ನು ವಸೂಲು ಮಾಡುತ್ತಾನೆ, ಅದು ಎಷ್ಟೆಂದು ಮುಂದಾಗಿ ಹೇಳುವುದಿಲ್ಲ. ಯಾವ ಮಗುವಿನಿಂದ ಎಷ್ಟು ಕೇಳುತ್ತಾನೆಂಬುದನ್ನು ವೈದ್ಯರೂ ಹೇಳಲಾರರು. ಆಸ್ತಮಾ, ಹೃದಯದ ತೊಂದರೆ, ಅವಧಿಗೆ ಮುಂಚೆ ಹುಟ್ಟಿದ ದೌರ್ಬಲ್ಯ ಇರುವ ಮಕ್ಕಳಿಗೆ ಅಪಾಯ ಹೆಚ್ಚೆಂಬುದು ಸರಿಯೇ. ಆದರೆ ಅಮೆರಿಕದಲ್ಲಿ ಫ್ಲೂವಿನಿಂದ ಮಡಿಯುವ ಪ್ರತಿಯೊಂದು ಮಗುವಿನ ವಿವರವನ್ನೂ 2004ರಿಂದ ಬರೆದಿಡುವ ಪದ್ಧತಿಯಿದೆ; ಆ ಲೆಕ್ಕಗಳಿಂದ ತಿಳಿದುಬಂದದ್ದು ಏನೆಂದರೆ, ಸತ್ತ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹಿಂದೆ ಯಾವ ಕಾಯಿಲೆಯೂ ಇರಲಿಲ್ಲ. ಆಡಿಕೊಂಡಿದ್ದ, ಉಂಡು ತಿಂದು ಗಟ್ಟಿಮುಟ್ಟಾಗಿದ್ದ ಮಕ್ಕಳು. 2017-18ರ ಒಂದು ಋತುವಿನಲ್ಲಿ ಅಲ್ಲಿ ಇಂಥ 188 ಮರಣಗಳು ದಾಖಲಾದುವು. ಅವರಲ್ಲಿ ಲಸಿಕೆ ಪಡೆಯಬಹುದಾದ ವಯಸ್ಸಿನವರ ಪೈಕಿ ಹತ್ತರಲ್ಲಿ ಎಂಟರಷ್ಟು ಮಕ್ಕಳಿಗೆ ಅದನ್ನು ಪೂರ್ತಿಯಾಗಿ ಹಾಕಿಸಿರಲಿಲ್ಲ.

ಲಸಿಕೆಯ ಕೆಲಸ ಸರಳವಾದುದು. ಕೊಂದು ಚೂರಾಗಿಸಿದ ವಿಷಾಣುವಿನ ಮೈಮುಳ್ಳುಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ದೇಹಕ್ಕೆ ತೋರಿಸುವುದು. ಕಳ್ಳನನ್ನು ಬಿಡದೆ ಕಳ್ಳನ ಚಿತ್ರವನ್ನು ಮಾತ್ರ ಕಾವಲುಗಾರನ ಕೈಗೆ ಕೊಡುವುದು. ಫ್ರಾನ್ಸಿಸ್ ಮತ್ತು ಅವನ ಶಿಷ್ಯ ಜೋನಾಸ್ ಸಾಕ್ (ಮುಂದೆ ಪೋಲಿಯೋ ಲಸಿಕೆಯಿಂದ ಜಗತ್ಪ್ರಸಿದ್ಧನಾದವನು ಇವನೇ) ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ಮೇಲೆ ಇದನ್ನು ಪ್ರಯೋಗಿಸಿ ಗೆದ್ದರು. 1945ರಲ್ಲಿ ಜನಸಾಮಾನ್ಯರಿಗೂ ಅದು ದೊರೆಯಿತು. ಎರಡೇ ವರ್ಷದಲ್ಲಿ, 1947ರಲ್ಲಿ, ಅದೇ ಲಸಿಕೆ ಕೈಕೊಟ್ಟಿತು. ಮದ್ದು ಕೆಟ್ಟಿರಲಿಲ್ಲ; ವಿಷಾಣು ವೇಷ ಬದಲಾಯಿಸಿತ್ತು. ದೇವಿ ಹಾಕಿಸಿದಂತೆ ಫ್ಲೂ ಲಸಿಕೆಯನ್ನು ಒಮ್ಮೆ ಹಾಕಿಸಿ ನಿಶ್ಚಿಂತರಾಗುವಂತಿಲ್ಲ, ವರ್ಷವರ್ಷವೂ ಹಾಕಿಸಬೇಕು ಎಂಬುದು ಅಂದಿನಿಂದ ತಿಳಿದ ಸಂಗತಿ. ಈಗ ಪ್ರತಿವರ್ಷ ಎರಡು ಸಲ, ಫೆಬ್ರವರಿಯಲ್ಲಿ ಉತ್ತರಾರ್ಧಗೋಲಕ್ಕಾಗಿಯೂ ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಗೋಲಕ್ಕಾಗಿಯೂ, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಸಭೆ ಸೇರಿ ಮುಂದಿನ ಋತುವಿನಲ್ಲಿ ಯಾವ ವೇಷಗಳು ಬರಬಹುದೆಂದು ಊಹಿಸಿ ಲಸಿಕೆಯ ಪಾಕವನ್ನು ನಿರ್ಧರಿಸುತ್ತಾರೆ. ಈ ಜಾಲದಲ್ಲಿ ಪುಣೆಯ ರಾಷ್ಟ್ರೀಯ ವಿಷಾಣು ಸಂಸ್ಥೆಯೂ ಸೇರಿದೆ.

ಎಳೆಯ ಮಕ್ಕಳಿಗೆ ಮೊದಲ ವರ್ಷ ಎರಡು ಚುಚ್ಚುಮದ್ದು ಬೇಕೆಂದಾಗ ಎಷ್ಟೋ ತಾಯಂದಿರು ವೈದ್ಯರನ್ನು ಸಂಶಯದಿಂದ ನೋಡುತ್ತಾರೆ. ಕಾರಣ ಮೇಲೆ ಹೇಳಿದ ನೆನಪಿನದೇ. ದೊಡ್ಡವರ ದೇಹದಲ್ಲಿ ಹಳೆಯ ನೆನಪು ಮಲಗಿರುತ್ತದೆ. ಒಂದು ಸೂಜಿ ಅದನ್ನು ತಟ್ಟಿ ಎಬ್ಬಿಸಿದರೆ ಸಾಕು. ಮಗುವಿನಲ್ಲಿ ಎಬ್ಬಿಸಲು ಏನೂ ಇಲ್ಲ. ಮೊದಲನೆಯ ಸೂಜಿ ಅಕ್ಷರ ತಿದ್ದಿಸುತ್ತದೆ. ನಾಲ್ಕು ವಾರಗಳ ಬಳಿಕ ಹಾಕುವ ಎರಡನೆಯದು ಓದಲು ಕಲಿಸುತ್ತದೆ. ಆರು ತಿಂಗಳಿಂದ ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲನೆಯ ಸಲ ಹೀಗೆ ಎರಡು, ಆಮೇಲೆ ವರ್ಷಕ್ಕೊಂದು. ಒಂದನ್ನು ಹಾಕಿಸಿ, ಮಗು ಅತ್ತಿತೆಂದು ಎರಡನೆಯದನ್ನು ಮರೆಯುವುದು ಬಿತ್ತಿ ನೀರು ಹೊಯ್ಯದ ಬೇಸಾಯ.

ಈ ಲಸಿಕೆ ಅಭೇದ್ಯ ಕವಚವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಊಹೆ ಸರಿಹೊಂದಿದ ವರ್ಷಗಳಲ್ಲಿ ಅದು ನೂರರಲ್ಲಿ ನಲವತ್ತರಿಂದ ಅರವತ್ತರಷ್ಟು ರೋಗವನ್ನು ತಡೆಯುತ್ತದೆ. ತಪ್ಪಿದ ವರ್ಷ ಇನ್ನೂ ಕಡಿಮೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ 2009ರಿಂದ ಮೂರು ವರ್ಷ ಆರು ತಿಂಗಳಿಂದ ಹತ್ತು ವರ್ಷದ ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಮೊದಲನೆಯ ವರ್ಷ ಕಾಲುಭಾಗದಷ್ಟು, ಎರಡನೆಯ ವರ್ಷ ನೂರಕ್ಕೆ ನಲವತ್ತೊಂದರಷ್ಟು, ಮೂರನೆಯ ವರ್ಷ ಮುಕ್ಕಾಲರಷ್ಟು ರಕ್ಷಣೆ ಕಂಡುಬಂದಿತು. ಏರಿಳಿತ ಹೀಗಿದೆ. ಆದರೆ ರೋಗ ಬರುವುದನ್ನು ತಡೆಯಲಾರದ ಲಸಿಕೆಯೂ ರೋಗ ಕೊಲ್ಲುವುದನ್ನು ತಡೆಯುವುದುಂಟು. ಅಮೆರಿಕದಲ್ಲಿ 2010ರಿಂದ 2014ರವರೆಗಿನ ಮರಣಗಳನ್ನು ಪರಿಶೀಲಿಸಿದಾಗ, ಆರೋಗ್ಯವಂತ ಮಕ್ಕಳಲ್ಲಿ ಲಸಿಕೆ ಫ್ಲೂ ಸಾವಿನ ಸಂಭವವನ್ನು ನೂರರಲ್ಲಿ 65ರಷ್ಟು ತಗ್ಗಿಸಿತ್ತೆಂದು ಕಂಡುಬಂದಿತು. ತಾಯ್ತಂದೆಗಳು ನೋಡಬೇಕಾದ ಅಂಕಿ ಇದು.

ಜಪಾನಿನಲ್ಲಿ ನಡೆದದ್ದು

ಮಕ್ಕಳಿಗೆ ಹಾಕಿದ ಸೂಜಿಯಿಂದ ಮುದುಕರು ಬದುಕಿದರು ಎಂದರೆ ಕತೆಯಂತೆ ತೋರಬಹುದು. 1957ರ ಪೆಟ್ಟು ತಿಂದ ಜಪಾನ್ ದೇಶ 1962ರಲ್ಲಿ ಒಂದು ವಿಶಿಷ್ಟ ಯೋಜನೆಯನ್ನು ಕೈಗೊಂಡಿತು. ಬೇರೆ ದೇಶಗಳೆಲ್ಲ ವೃದ್ಧರಿಗೆ ಲಸಿಕೆ ಹಾಕುತ್ತಿದ್ದಾಗ ಜಪಾನೀಯರು ಶಾಲೆಯ ಮಕ್ಕಳಿಗೆ ಹಾಕತೊಡಗಿದರು. ರೋಗವನ್ನು ಮನೆಗೆ ಹೊತ್ತು ತರುವವರು ಮಕ್ಕಳು, ಹೊಳೆಯನ್ನು ಉಗಮದಲ್ಲಿಯೇ ಕಟ್ಟಬೇಕು ಎಂಬುದು ಅವರ ತರ್ಕ. ದೊಡ್ಡವರಿಗಿಂತ ಮಕ್ಕಳು ಹೆಚ್ಚು ವಿಷಾಣುವನ್ನು, ಹೆಚ್ಚು ದಿನ ಹೊರಚೆಲ್ಲುತ್ತಾರೆಂಬುದು ದಿಟವೇ. 1977ರಲ್ಲಿ ಕಾನೂನಿನ ಮೂಲಕ ಅದು ಕಡ್ಡಾಯವೂ ಆಯಿತು.

ಕಾಲಕ್ರಮದಲ್ಲಿ ಜನರಿಗೆ ಬೇಸರ ಹುಟ್ಟಿತು. ಲಸಿಕೆಯಿಂದ ಕೆಡುಕಾಯಿತೆಂಬ ದೂರುಗಳು, ಮೊಕದ್ದಮೆಗಳು ಎದ್ದುವು. ಲಸಿಕೆ ಹಾಕಿದ ಊರಿಗೂ ಹಾಕದ ಊರಿಗೂ ಮಕ್ಕಳ ಜ್ವರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲವೆಂದು ಮಾಯೆಬಾಷಿ ನಗರದ ವೈದ್ಯರು ವಾದಿಸಿದರು. 1987ರಲ್ಲಿ ಬೇಡವೆನ್ನುವ ಹಕ್ಕನ್ನು ತಂದೆತಾಯಿಗಳಿಗೆ ಕೊಡಲಾಯಿತು. 1994ರಲ್ಲಿ ಯೋಜನೆಯೇ ನಿಂತಿತು. ಜನ ನಿಟ್ಟುಸಿರು ಬಿಟ್ಟರು.

ಆಮೇಲೆ ಬಂದ ಚಳಿಗಾಲಗಳಲ್ಲಿ ಲೆಕ್ಕ ತಿರುಗಿತು. ಹಿಂದಿನ ಐವತ್ತು ವರ್ಷಗಳ ಮರಣಪಟ್ಟಿಗಳನ್ನು ಹರಡಿಕೊಂಡು ಕುಳಿತ ಸಂಶೋಧಕರು 2001ರಲ್ಲಿ ಪ್ರಕಟಿಸಿದ ವಿಷಯ ವೈದ್ಯಲೋಕವನ್ನು ಬೆರಗುಗೊಳಿಸಿತು. ಮಕ್ಕಳಿಗೆ ಲಸಿಕೆ ಹಾಕುತ್ತಿದ್ದ ಕಾಲದಲ್ಲಿ ಜಪಾನಿನ ಚಳಿಗಾಲದ ಮರಣಗಳು ವರ್ಷಕ್ಕೆ 37,000ದಿಂದ 49,000ದಷ್ಟು ಕಡಿಮೆಯಾಗಿದ್ದುವು. ಸುಮಾರು 420 ಮಕ್ಕಳಿಗೆ ಹಾಕಿದ ಲಸಿಕೆ ಒಂದು ಜೀವವನ್ನು ಉಳಿಸಿತ್ತು. ಹೀಗೆ ಉಳಿದವರು ಹೆಚ್ಚಾಗಿ ಅಜ್ಜ ಅಜ್ಜಿಯರು. ಯೋಜನೆ ನಿಂತ ಮೇಲೆ ಮರಣಗಳು ಮತ್ತೆ ಏರಿದುವು. ಇಷ್ಟು ದೊಡ್ಡ ಅಂಕಿಯೆಲ್ಲವೂ ಲಸಿಕೆಗೇ ಸಲ್ಲಬೇಕೆ ಎಂದು ಚರ್ಚಿಸಿದ ವಿದ್ವಾಂಸರೂ ಇದ್ದಾರೆ, ಮತ್ತು ಆ ಚರ್ಚೆ ಇರುವುದು ಒಳ್ಳೆಯದೇ. ಆದರೆ ಅದೇ ತತ್ತ್ವ ಬೇರೊಂದು ಕಡೆ, ಕಟ್ಟುನಿಟ್ಟಾದ ಪರೀಕ್ಷೆಯಲ್ಲಿ ಮತ್ತೆ ಸಿದ್ಧವಾಯಿತು. ಕೆನಡಾದಲ್ಲಿ ಊರಿನಿಂದ ದೂರ ತಮ್ಮತಮ್ಮಲ್ಲಿಯೇ ಒಟ್ಟುಕುಟುಂಬದಂತೆ ಬಾಳುವ ಹಟರೈಟ್ ಎಂಬ ಜನರ ವಸತಿಗಳಲ್ಲಿ, 2008-09ರಲ್ಲಿ, ಕೆಲವೆಡೆ ಮಕ್ಕಳಿಗೆ ಫ್ಲೂ ಲಸಿಕೆಯನ್ನೂ ಕೆಲವೆಡೆ ಬೇರೆ ಲಸಿಕೆಯನ್ನೂ ಹಾಕಿ ನೋಡಿದರು. ಫ್ಲೂ ಲಸಿಕೆ ಪಡೆದ ಮಕ್ಕಳಿದ್ದ ವಸತಿಗಳಲ್ಲಿ ಲಸಿಕೆಯನ್ನೇ ಪಡೆಯದ ಉಳಿದವರಿಗೆ ನೂರರಲ್ಲಿ 61ರಷ್ಟು ರಕ್ಷಣೆ ದೊರೆಯಿತು. ಅಜ್ಜಿಯ ಮಗ್ಗುಲಲ್ಲಿ ಮಲಗುವ ಮೊಮ್ಮಕ್ಕಳಿರುವ ನಮ್ಮ ಮನೆಗಳಿಗೆ ಈ ವಿಷಯ ದೂರದ್ದೇನಲ್ಲ.

ಜಪಾನಿನ ಕಥೆಯ ಅತ್ಯಂತ ದುಃಖಕರ ಭಾಗ ಇನ್ನೊಂದಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಫ್ಲೂ ಬಂದ ಎಳೆಯ ಮಕ್ಕಳು ಒಂದೆರಡು ದಿನಗಳಲ್ಲಿಯೇ ಸೆಳವು ಬಂದು ಪ್ರಜ್ಞೆ ತಪ್ಪುವ ಪ್ರಸಂಗಗಳು ವೈದ್ಯರ ಗಮನಕ್ಕೆ ಬಂದುವು. ಮೆದುಳು ಬಾವಿನ ಇಂಥ 148 ಪ್ರಕರಣಗಳನ್ನು 1998-99ರ ಋತುವಿನಲ್ಲಿ ಪರಿಶೀಲಿಸಿದಾಗ ಹತ್ತರಲ್ಲಿ ಎಂಟು ಮಕ್ಕಳು ಐದು ವರ್ಷದೊಳಗಿನವರು. ಮೂರರಲ್ಲಿ ಒಂದರಷ್ಟು ಉಳಿಯಲಿಲ್ಲ. ಶಾಲೆಯ ಲಸಿಕೆ ಆ ಕೂಸುಗಳಿಗೆ ನೇರವಾಗಿ ಎಂದೂ ದೊರೆತಿರಲಿಲ್ಲ. ಅಕ್ಕ ಅಣ್ಣಂದಿರ ಮೂಲಕ ದೊರೆಯುತ್ತಿದ್ದ ನೆರಳು ಮಾತ್ರ ಹೋಗಿತ್ತು.

ಮನೆಯವರ ಅಂಜಿಕೆಗಳು

ಲಸಿಕೆಯಿಂದಲೇ ಫ್ಲೂ ಬರುತ್ತದೆಂಬ ಅಂಜಿಕೆ ಬಲು ಹಳೆಯದು. ಚುಚ್ಚುಮದ್ದಿನಲ್ಲಿರುವುದು ಸತ್ತ ವಿಷಾಣುವಿನ ತುಣುಕು. ಅದು ರೋಗವನ್ನು ಹುಟ್ಟಿಸಲಾರದು. ಚುಚ್ಚಿದಲ್ಲಿ ನೋವು, ಒಂದು ದಿನ ಬೆಚ್ಚಗಿನ ಮೈ, ತುಸು ಹಟ, ಇಷ್ಟು ಕಾಣಬಹುದು. ಲಸಿಕೆ ಫಲಕಾರಿಯಾಗಲು ಎರಡು ವಾರ ಹಿಡಿಯುವುದರಿಂದ ಆ ನಡುವೆ ಬಂದ ನೆಗಡಿಯ ಅಪವಾದವನ್ನೂ ಅದು ಹೊರಬೇಕಾಗುತ್ತದೆ. ಮೊಟ್ಟೆಯೆಂಬ ಹೆಸರು ಕೇಳಿ ಮಡಿವಂತ ಅಜ್ಜಿಯರು ಮೂಗು ಮುರಿಯುವುದುಂಟು. ಮೊಟ್ಟೆಯ ಸೋಂಕಿಲ್ಲದೆ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆಯೂ ಈಗ ಜಗತ್ತಿನಲ್ಲಿದೆ. ಮೊಟ್ಟೆ ಒಗ್ಗದ ಮಕ್ಕಳಿಗೂ ಫ್ಲೂ ಲಸಿಕೆಯನ್ನು ಕೊಡಬಹುದೆಂಬುದು ಇಂದಿನ ವೈದ್ಯರ ಅಭಿಪ್ರಾಯ. ಆ ವಿಷಯವನ್ನು ಮೊದಲೇ ತಿಳಿಸಿರಬೇಕು, ಅಷ್ಟೆ.

ಒಂದು ಸಲ ಮಾತ್ರ ಅಂಜಿಕೆಗೆ ಆಧಾರವಿತ್ತು. 1976ರಲ್ಲಿ ಅಮೆರಿಕ ಸರ್ಕಾರ ಹಂದಿಜ್ವರದ ಪಿಡುಗು ಬಂದೇ ಬಿಟ್ಟಿತೆಂದು ಗಾಬರಿಗೊಂಡು ಸುಮಾರು 4.5 ಕೋಟಿ ಜನರಿಗೆ ಅವಸರವಸರವಾಗಿ ಲಸಿಕೆ ಹಾಕಿಸಿತು. ಪಿಡುಗು ಬರಲಿಲ್ಲ. ಲಕ್ಷಕ್ಕೊಬ್ಬರಂತೆ ಕೈಕಾಲು ಸೋಲುವ ಗಿಲನ್-ಬಾರೇ ಎಂಬ ನರರೋಗ ಕಾಣಿಸಿಕೊಂಡು ಡಿಸೆಂಬರಿನಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಬೇಕಾಯಿತು. ಆಮೇಲಿನ ಲಸಿಕೆಗಳನ್ನು ಈ ದೃಷ್ಟಿಯಿಂದಲೇ ನಿರಂತರವಾಗಿ ಪರೀಕ್ಷಿಸುತ್ತ ಬಂದಿದ್ದಾರೆ. ಅಪಾಯ ಇದ್ದರೂ ಹತ್ತು ಲಕ್ಷಕ್ಕೆ ಒಂದೆರಡನ್ನು ಮೀರಿಲ್ಲ. ಅದೇ ನರರೋಗವನ್ನು ಫ್ಲೂ ಜ್ವರವೂ ತರಬಲ್ಲುದೆಂಬುದು ಇಲ್ಲಿ ನೆನೆಯತಕ್ಕ ಮಾತು.

ಜ್ವರ ಬಂದ ಮಗುವಿಗೆ ಮನೆಯಲ್ಲಿರುವ ಆಸ್ಪಿರಿನ್ ಮಾತ್ರೆಯನ್ನು ಮುರಿದು ಕೊಡುವ ಅಭ್ಯಾಸ ಇನ್ನೂ ಎಲ್ಲಾದರೂ ಉಳಿದಿದ್ದರೆ ಅದನ್ನು ಕೂಡಲೇ ಬಿಡಬೇಕು. ಫ್ಲೂ ಬಂದ ಮಕ್ಕಳಲ್ಲಿ ಆಸ್ಪಿರಿನ್ ಪಿತ್ತಕೋಶವನ್ನೂ ಮೆದುಳನ್ನೂ ಕೆಡಿಸುವ ರೈ ಎಂಬ ಭಯಂಕರ ವ್ಯಾಧಿಗೆ ದಾರಿಮಾಡುತ್ತದೆ. 1979-80ರಲ್ಲಿ ಅಮೆರಿಕದಲ್ಲಿ ಇಂಥ 555 ಮಕ್ಕಳ ವರದಿಯಾಗಿತ್ತು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದೆಂಬ ಎಚ್ಚರಿಕೆ ಹರಡಿದ ಮೇಲೆ ಅದು ಹೆಚ್ಚುಕಡಿಮೆ ಮಾಯವಾಯಿತು. ಜ್ವರಕ್ಕೆ ವೈದ್ಯರು ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್, ಧಾರಾಳವಾಗಿ ನೀರು, ಗಂಜಿ, ಎದೆಹಾಲು. ಉಸಿರು ವೇಗವಾದರೆ, ಉಸಿರೆಳೆದಾಗ ಪಕ್ಕೆ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ, ಕುಡಿಯಲೊಲ್ಲದೆ ಮಂಪರು ಕವಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಮಳೆಗಾಲಕ್ಕೆ ಮುನ್ನ

ಪಾಶ್ಚಾತ್ಯ ದೇಶಗಳಲ್ಲಿ ಫ್ಲೂ ಚಳಿಗಾಲದ ರೋಗ. ಭಾರತದ ಬಹುಭಾಗದಲ್ಲಿ ಅದು ಮುಂಗಾರಿನೊಡನೆ ಏರುತ್ತದೆ. ಹಲವು ಕಡೆ ವರ್ಷದ ಆರಂಭದಲ್ಲಿ ಇನ್ನೊಮ್ಮೆ ತಲೆಯೆತ್ತುತ್ತದೆ. ಕಾಶ್ಮೀರದಂಥ ಪ್ರದೇಶಗಳಲ್ಲಿ ಮಾತ್ರ ಅದು ಹಿಮದ ಜೊತೆಗಾರ. ಆದ್ದರಿಂದ ದಕ್ಷಿಣದವರಿಗೆ ಏಪ್ರಿಲ್, ಮೇ ತಿಂಗಳುಗಳು ಲಸಿಕೆಗೆ ತಕ್ಕ ಕಾಲ. ಬೇಸಿಗೆಯ ರಜೆಯಲ್ಲಿ ಎರಡೂ ಸೂಜಿಗಳು ಮುಗಿದರೆ ಜೂನಿನಲ್ಲಿ ಶಾಲೆಯ ಗಂಟೆ ಬಾರಿಸುವ ವೇಳೆಗೆ ಮಗುವಿನ ಮೈ ಸಿದ್ಧವಾಗಿರುತ್ತದೆ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು ಆರು ತಿಂಗಳು ತುಂಬಿದ ಎಲ್ಲ ಮಕ್ಕಳಿಗೂ ಐದು ವರ್ಷದವರೆಗೆ ಪ್ರತಿವರ್ಷ ಈ ಲಸಿಕೆಯನ್ನು ಹಾಕಿಸಬೇಕೆಂದು ಸಲಹೆ ಮಾಡಿದೆ. ಆದರೆ ಸರ್ಕಾರ ಉಚಿತವಾಗಿ ಕೊಡುವ ಲಸಿಕೆಗಳ ಪಟ್ಟಿಯಲ್ಲಿ ಇದು ಸೇರಿಲ್ಲ. ಖಾಸಗಿಯಾಗಿ ಹಣ ತೆತ್ತು ಹಾಕಿಸಬೇಕು. ಬೆಲೆ ಅಗ್ಗವೇನೂ ಅಲ್ಲ. ತಿಂಗಳ ಸಂಬಳದಲ್ಲಿ ಬಾಳುವ ಮನೆಗಳೇ ಲೆಕ್ಕ ಹಾಕುವಾಗ, ಕೂಲಿಯ ಮಕ್ಕಳ ಪಾಲಿಗೆ ಇದು ದೊರೆಯದ ವಸ್ತುವಾಗಿಯೇ ಉಳಿದಿದೆ. ನ್ಯುಮೋನಿಯಾ ಹೆಚ್ಚಾಗಿ ಹೊಕ್ಕುವುದು ಅಂಥವರ ಗುಡಿಸಲುಗಳನ್ನೇ ಎಂಬುದನ್ನು ಆರೋಗ್ಯ ಇಲಾಖೆಯವರು ಬಲ್ಲರು.

ಉಳಿದದ್ದು ಆರು ತಿಂಗಳು ತುಂಬದ ಹಸುಳೆಗಳ ಪ್ರಶ್ನೆ. ಅವರಿಗೆ ಹಾಕುವ ಫ್ಲೂ ಲಸಿಕೆಯೇ ಇಲ್ಲ. ಅಪಾಯ ಮಾತ್ರ ಅವರಿಗೇ ಎಲ್ಲಕ್ಕಿಂತ ಹೆಚ್ಚು. ಇದಕ್ಕೆ ಉತ್ತರ ದೊರೆತದ್ದು ಯೂರೋಪಿನಲ್ಲಲ್ಲ, ನೆರೆಯ ಬಾಂಗ್ಲಾದೇಶದಲ್ಲಿ. ಅಲ್ಲಿ ಗರ್ಭಿಣಿಯರಿಗೆ ಫ್ಲೂ ಲಸಿಕೆ ಹಾಕಿ, ಹುಟ್ಟಿದ ಮಕ್ಕಳನ್ನು ಆರು ತಿಂಗಳು ಗಮನಿಸಿದರು. 2008ರಲ್ಲಿ ಫಲಿತಾಂಶ ಹೊರಬಿದ್ದಿತು. ಪರೀಕ್ಷೆಯಿಂದ ದೃಢಪಟ್ಟ ಫ್ಲೂ ಆ ತಾಯಂದಿರ ಕೂಸುಗಳಲ್ಲಿ ನೂರರಲ್ಲಿ 63ರಷ್ಟು ಕಡಿಮೆಯಾಗಿತ್ತು. ತಾಯಿಗೆ ಹಾಕಿದ ಒಂದು ಸೂಜಿಯಿಂದ ಆಕೆಯ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಮಾಸುಚೀಲವನ್ನು ದಾಟಿ, ಇನ್ನೂ ಬೆಳಕು ಕಾಣದ ಮಗುವನ್ನು ಸೇರಿದ್ದುವು. ವಿಶ್ವ ಆರೋಗ್ಯ ಸಂಸ್ಥೆ ಫ್ಲೂ ಲಸಿಕೆಯನ್ನು ಯಾರಿಗೆ ಕೊಡಬೇಕೆಂದು ಹೇಳುವಾಗ ಗರ್ಭಿಣಿಯರನ್ನು ಮುಖ್ಯರಾದವರಲ್ಲಿ ಎಣಿಸುತ್ತದೆ. ಗರ್ಭದ ಯಾವ ತಿಂಗಳಿನಲ್ಲಾದರೂ ಅದನ್ನು ಹಾಕಿಸಿಕೊಳ್ಳಬಹುದು. ಸೀಮಂತಕ್ಕೆ ಸೀರೆ ಆರಿಸುವ ದಿನಗಳಲ್ಲಿಯೇ ಬಸುರಿಯ ವೈದ್ಯರನ್ನು ಇದೊಂದು ಮಾತು ಕೇಳಬಹುದು.